ಕಾನ್‌ಸ್ಟಾಂಟಿನೋಪಲ್ ಡಯೋರಾಮಾ: ಗೋಡೆ ಮುಗಿಯಿತು, ಒಡೆಯುವುದು ಶುರು

1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್‌ಗೆ (ಈಗಿನ ಇಸ್ತಾಂಬುಲ್) ಹಾಕಿದ ಮುತ್ತಿಗೆಯ ಡಯೋರಾಮಾ, ಅಂದರೆ ಪುಟ್ಟ ದೃಶ್ಯ-ಮಾದರಿ, ಮಾಡುತ್ತಿದ್ದೇನೆ. ಕೋಟೆಯ ಒಳಗೋಡೆ ಎದ್ದು ನಿಂತಿದೆ. ಸ್ಕೇಲ್ 1:72. ನಿಜವಾದ ಗೋಡೆ ಸುಮಾರು 12 ಮೀಟರ್ ಎತ್ತರ, ನನ್ನದು 17 ಸೆಂ.ಮೀ. ಭೂಮಿ ಕಡೆಯ ಕೋಟೆಯನ್ನು ಪೂರ್ತಿ ಮಾಡಿದರೆ 90 ಮೀಟರ್ ಉದ್ದ ಆಗುತ್ತದೆ, ಆಮೇಲೆ ನಾವು ಬೀದಿಯಲ್ಲೇ ಇರಬೇಕು! ಅದಕ್ಕೇ ಲೈಕಸ್ ಹೊಳೆಯ ಕಣಿವೆಯಲ್ಲಿನ ಒಂದು ಕೊತ್ತಳ, ಅದರ ಮುಂದಿನ ಹೊರಗೋಡೆ, ಕಂದಕ ಮಾತ್ರ.

ಫೋಮ್ ಮೇಲೆ ಕಲ್ಲಿನ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಒತ್ತಿದೆ. ನಡುನಡುವೆ ಬರುವ ಇಟ್ಟಿಗೆ ಪಟ್ಟಿಗಳಿಗೆ ಕೆಮ್ಮಣ್ಣಿನ ಬಣ್ಣ. ಸ್ಪ್ರೇ ಹೊಡೆದರೆ ಫೋಮ್ ಕರಗುತ್ತದೆ, ಹಾಗಾಗಿ ಎಲ್ಲ ಬ್ರಶ್ಶಲ್ಲೇ.

ಈಗ ಹೊರಗೋಡೆ. ಇದನ್ನು ನೆಟ್ಟಗೆ ನಿಲ್ಲಿಸಿದರೆ 1453ರ ಮೇ ತಿಂಗಳು ಆಗುವುದಿಲ್ಲ. ಏಪ್ರಿಲ್‌ನಿಂದಲೇ ಆಟೋಮನ್ ಸುಲ್ತಾನ ಎರಡನೇ ಮೆಹ್ಮದನ ಫಿರಂಗಿಗಳು ಇಲ್ಲಿ ಬಡಿಯುತ್ತಿದ್ದವು. ಅವನ ಫಿರಂಗಿ ತಯಾರಕ ಓರ್ಬನ್ ಎರಕ ಹೊಯ್ದ ದೊಡ್ಡದು ಸುಮಾರು 8 ಮೀಟರ್ ಉದ್ದ, ಗುಂಡಿನ ತೂಕ 500 ಕಿಲೋಗಿಂತ ಜಾಸ್ತಿ. ನನ್ನ ಸ್ಕೇಲಲ್ಲಿ ಆ ಗುಂಡು ಬರೀ ಒಂದು ಸೆಂ.ಮೀ., ಕಡಲೆಕಾಳಿನಷ್ಟು. ಆದರೆ ಒಂದು ಸಲ ಹಾರಿಸಿದ ಮೇಲೆ ಮತ್ತೆ ತುಂಬಲು ಗಂಟೆಗಟ್ಟಲೆ ಬೇಕು. ದಿನಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ. ಒಳಗಿನವರಿಗೆ ಸಿಕ್ಕಿದ್ದು ಆ ಬಿಡುವು, ಮತ್ತೆ ರಾತ್ರಿ. ಗೋಡೆ ಕಾಯುತ್ತಿದ್ದ ಜಿನೋವಾದ ದಳಪತಿ ಜಿಯೊವಾನಿ ಜುಸ್ಟಿನಿಯಾನಿಯ ಜನ, ಊರಿನವರು ಸೇರಿ ಬಿದ್ದ ಜಾಗಕ್ಕೆ ಕಲ್ಲು, ಮರ, ರೆಂಬೆ, ಮಣ್ಣು ತುಂಬಿ ಒಡ್ಡು ಕಟ್ಟುತ್ತಿದ್ದರು. ಮೇಲೆ ಮಣ್ಣು ತುಂಬಿದ ಪೀಪಾಯಿಗಳು. ಗುಂಡು ಬಿದ್ದರೆ ಕಲ್ಲು ಸಿಡಿಯುತ್ತದೆ, ಸಡಿಲ ಮಣ್ಣು ಸುಮ್ನೆ ನುಂಗಿಕೊಳ್ಳುತ್ತದೆ. ನನಗೆ ಈ ಮಾಡೆಲ್‌ನ ಜೀವ ಇರುವುದು ಈ ಒಡ್ಡಿನಲ್ಲೇ, ಚೆಂದದ ಗೋಡೆಯಲ್ಲಲ್ಲ.

ಪೀಪಾಯಿಗೆ ಜಪಸರದ ಉದ್ದನೆ ಮರದ ಮಣಿ ಸರಿಹೋಯಿತು. ತೂತು ಮೇಲೆ ಬರುವಂತೆ ನಿಲ್ಲಿಸಿ, ಅದರೊಳಗೆ ಜರಡಿ ಹಿಡಿದ ಮಣ್ಣು, ಮೇಲೆ ಒಂದು ಹನಿ ತೆಳು ಫೆವಿಕಾಲ್. ಹತ್ತಿರದಿಂದ ನೋಡಿದರೂ ಮಣಿ ಅಂತ ಗೊತ್ತಾಗುವುದಿಲ್ಲ. ರೆಂಬೆಗಳಿಗೆ ಒಣಗಿದ ತುಳಸಿ ಕಡ್ಡಿ.

ಮುಂದಿನದು ಒಳಗೋಡೆಯ ಬಾಗಿಲು. ಮೇ 29ರ ದಾಳಿಗೆ ಮುಂಚೆ, ಯಾರೂ ಹಿಂದೆ ಓಡದಿರಲಿ ಎಂದು ಹೊರಗೆ ಕಾದುವವರ ಬೆನ್ನ ಹಿಂದೆ ಬಾಗಿಲು ಹಾಕಿ ಬೀಗ ಜಡಿದಿದ್ದರು. ಜುಸ್ಟಿನಿಯಾನಿಗೆ ಗಾಯವಾದಾಗ ಅವನನ್ನು ಸಾಗಿಸಲು ಒಂದನ್ನು ತೆರೆದರು, ಗಾಬರಿ ಹಬ್ಬಿದ್ದು ಅಲ್ಲಿಂದಲೇ. ನನ್ನ ಬಾಗಿಲಿಗೆ ಕೀಲು ಇಡುತ್ತಿದ್ದೇನೆ, ಎರಡೂ ಥರ ತೋರಿಸಬಹುದಲ್ವಾ.