ದರ್ಪಣಸುಂದರಿಯ ಮುಂದೆ 12 ನಿಮಿಷ: ಐದನೆಯ ಕರಡು

ನಿನ್ನೆ ರಾತ್ರಿ ಕೊನೆಗೂ ಧ್ವನಿಮುದ್ರಣ ಹದಕ್ಕೆ ಬಂತು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ಶಿಲ್ಪ ದರ್ಪಣಸುಂದರಿಯನ್ನು 12 ನಿಮಿಷ ಸಾವಧಾನವಾಗಿ ನೋಡಿಸುವ ಧ್ಯಾನ ಇದು. ಮೈಕು, ಸಂಕಲನದ ವಿಷಯ ನಿಮಗೆ ಗೊತ್ತಿರುವುದೇ. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಮೂರನೆಯ ನಿಮಿಷ.

ಯಾರಿಗೆ ಕೇಳಿಸಿದರೂ ಅಲ್ಲಿಗೆ ಬರುವಷ್ಟರಲ್ಲಿ ಕಣ್ಣು ಶಿಲ್ಪದಿಂದ ಜಾರುತ್ತಿತ್ತು. ಉಸಿರಿನ ಸೂಚನೆ ಹೆಚ್ಚಿಸಿದೆ, ತೂಕಡಿಸಿದರು. ತಂಬೂರಿಯ ಶ್ರುತಿ ಸೇರಿಸಿದೆ, ಹಾಯಾಗಿ ಕಣ್ಣು ಮುಚ್ಚಿಕೊಂಡರು! ಕಾರಣ ಹಿಡಿದುಕೊಟ್ಟವಳು ಅಕ್ಕ. "1117, ವಿಷ್ಣುವರ್ಧನ ಎಂದೆಯಲ್ಲ, ಆಗಲೇ ನಾನು ಶಾಲೆಯ ಪ್ರವಾಸದ ಬಸ್ಸು ಹತ್ತಿಬಿಟ್ಟೆ. ಆಮೇಲೆ ಶಾಂತಲೆ ನೆನಪಾದಳು. ಕಲ್ಲು ಎಲ್ಲಿ ಕಾಣಬೇಕು?"

ಹೆಸರು, ಇಸವಿ, ಕಥೆ ಎಲ್ಲವನ್ನೂ ತೆಗೆದೆ. 'ಕನ್ನಡಿ' ಎಂಬ ಪದವನ್ನೂ ಉಳಿಸಲಿಲ್ಲ. ಆ ಪದ ಕಿವಿಗೆ ಬಿದ್ದರೆ ಸಾಕು, ನೋಡಿಯಾಯಿತು ಎಂದು ಮನಸ್ಸು ಎದ್ದುಬಿಡುತ್ತದೆ. ಈಗ ಮಾತು ಶುರುವಾಗುವುದು ಅವಳ ತಲೆಯ ಮೇಲಿನ ಬಳ್ಳಿಯ ಹಂದರದಲ್ಲಿ, ಸಂದುಗಳಲ್ಲಿ ಕುಳಿತ ಕತ್ತಲಿನಿಂದ. ಬಳಪದ ಕಲ್ಲು ಮೆತ್ತಗಿದ್ದುದರಿಂದಲೇ ಉಳಿ ಅಷ್ಟು ಆಳಕ್ಕೆ ಇಳಿದಿದೆ. ಎಲೆಯ ಅಂಚು, ಹಿಂದಿನ ನೆರಳು, ಮತ್ತೆ ಅಂಚು. ಒಂದೊಂದು ಸೂಚನೆಗೂ 40 ಸೆಕೆಂಡು ಮೌನ. ಆಮೇಲೆ ತೋಳು, ಬಳೆ, ಬೆರಳು, "ಆ ಕೈಯಲ್ಲಿರುವುದರ ಅಂಚನ್ನು ಒಮ್ಮೆ ಸುತ್ತಿ ಬನ್ನಿ." ಅಕ್ಕ ಈ ಸಲ ಅಲುಗಲಿಲ್ಲ.

ದರ್ಪಣಸುಂದರಿಯಂಥ ಮದನಿಕೆಯರು ಇರುವುದು ದೇವಾಲಯದ ಸೂರಿನ ಕೆಳಗೆ, ಎತ್ತರದಲ್ಲಿ. ಐದು ನಿಮಿಷಕ್ಕೇ ಕತ್ತು ನೋಯುತ್ತದೆ. ಹಾಗಾಗಿ ಮನೆಯಲ್ಲಿ ಕಣ್ಣಿನ ಮಟ್ಟಕ್ಕೆ ದೊಡ್ಡ ಫೋಟೋ ತೂಗುಹಾಕಬೇಕಾಯಿತು. ಮುದ್ರಿಸಿಕೊಟ್ಟ ಅಂಗಡಿಯವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹೊಳಪು ಬೇಡ ಎಂದು ಬರೆದುಕೊಟ್ಟರೂ ಎರಡು ಸಲವೂ ಮಿರಮಿರ ಮಿಂಚುವ ಲ್ಯಾಮಿನೇಷನ್! ಟ್ಯೂಬ್‌ಲೈಟಿನ ಬಿಳಿಗೆರೆ ಸರಿಯಾಗಿ ಸೊಂಟದ ಬಳುಕಿನ ಮೇಲೆ ಬೀಳುತ್ತಿತ್ತು. ಮೂರನೆಯ ಸಲ ಕಾಗದವನ್ನು ನಾನೇ ಕೊಂಡೊಯ್ದು, ಯಂತ್ರದ ಪಕ್ಕದಲ್ಲೇ ನಿಂತೆ.

ಕತ್ತಿನ ವಿಷಯ ಬಂದಾಗಲೇ ಮುಂದಿನದು ಹೊಳೆದದ್ದು: ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರ ಅಲ್ಲಿದೆ. ಫೋಟೋವನ್ನು ನಮ್ಮ ಚಾವಣಿಗೇ ಅಂಟಿಸಿ, ಮಲಗಿಕೊಂಡು, ಹೊತ್ತು ನಡೆಯುವವರ ಹೆಜ್ಜೆಗೆ ಉಸಿರನ್ನು ಹೊಂದಿಸಿದರೆ ಹೇಗೆ? ಪಲ್ಲಕ್ಕಿಯೊಳಗೆ ಯಾರಿದ್ದಾರೆ ಎಂದು ಮಾತ್ರ ಹೇಳುವುದಿಲ್ಲ.

ಅದಕ್ಕೂ ಮೊದಲು ಇದೊಂದು ಮುಗಿಯಬೇಕು. ಹನ್ನೊಂದನೆಯ ನಿಮಿಷದಲ್ಲಿ ಅವಳ ಮುಖಕ್ಕೆ ಬರುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಆ ಒಂದು ಸಾಲನ್ನು ನಾಳೆ ನಸುಕಿನಲ್ಲಿ, ಹಾಲಿನ ಗಾಡಿ ಬರುವ ಮೊದಲು ಮತ್ತೆ ಓದುತ್ತೇನೆ.