ಸೂಜಿಗೆ ಬಗ್ಗದ ಗುಳ್ಳೆ

"ಸೂಜಿ ಚುಚ್ಚಿ ನೀರು ತೆಗೆದ್ರೆ ಆಗಲ್ವಾ ಸಾರ್?" ಈ ವಾರ ಹಾಸನದಲ್ಲಿ, ಆಪರೇಷನ್‌ಗೆ ಸಹಿ ಹಾಕುವ ಮೊದಲು ಅರಸೀಕೆರೆ ಕಡೆಯ ಹುಡುಗನೊಬ್ಬ ಕೇಳಿದ. ತಾಯಿಯ ಲಿವರ್‌ನಲ್ಲಿ ಹೈಡಾಟಿಡ್ ಗುಳ್ಳೆ, ಅಂದರೆ ನಾಯಿಯ ಹೊಟ್ಟೆಯ ಲಾಡಿಹುಳುವಿನ ಮರಿಗಳು ಬೆಳೆಯುವ ನೀರುಗುಳ್ಳೆ. "ಡಾಕ್ಟ್ರಿಗೆ ಗೊತ್ತಿಲ್ವೇನೋ, ಸುಮ್ನಿರು" ಎಂದು ಮಾವ ಗದರಿದರು. ಗದರಬಾರದಿತ್ತು. ಕೇಳಲೇಬೇಕಾದ ಪ್ರಶ್ನೆ ಅದು.

ಬರೀ ನೀರು ತುಂಬಿದ ಗುಳ್ಳೆಗೆ ಸೂಜಿ ಸಾಕಾಗಬಹುದು. ಆದರೆ ಈ ಸ್ಕ್ಯಾನ್‌ನಲ್ಲಿ ಮರಿಗುಳ್ಳೆಗಳು ದಾಳಿಂಬೆ ಕಾಳಿನಂತೆ ಒತ್ತಿಕೊಂಡಿದ್ದವು. ಒಂದೊಂದಕ್ಕೂ ಬೇರೆ ಗೋಡೆ. ಒಂದರ ನೀರೆಳೆದರೆ ಉಳಿದವು ಹಾಗೇ ಇರುತ್ತವೆ.

ಅದಕ್ಕೇ ಲ್ಯಾಪ್ರೋಸ್ಕೋಪಿ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಮೊದಲು ಹುಳುವಿನ ಮಾತ್ರೆ ಆಲ್ಬೆಂಡಜೋಲ್: ಮೈತೂಕದ ಕೆಜಿಗೆ ದಿನಕ್ಕೆ 10–15 ಮಿಗ್ರಾಂ, ಎರಡು ಹೊತ್ತಿಗೆ ಹಂಚಿ, ಜಿಡ್ಡಿರುವ ಊಟದ ಜೊತೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದು ತೀರಾ ಕಡಿಮೆ. ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು; ಲಿವರ್‌ನ ರಕ್ತಪರೀಕ್ಷೆ ತಪ್ಪಿಸಬಾರದು.

ಹೊಟ್ಟೆಯೊಳಗೆ ಹೋದಾಗ ಗುಳ್ಳೆಯ ಸುತ್ತ, ಹುಳುವನ್ನು ಕೊಲ್ಲುವ 20% ಉಪ್ಪುನೀರಿನಲ್ಲಿ ನೆನೆಸಿದ ಗಾಜ್ ಬಟ್ಟೆ ಜೋಡಿಸಬೇಕು. ಒಳಗಿನ ಒತ್ತಡಕ್ಕೆ, ಚುಚ್ಚಿದ ಕ್ಷಣವೇ ನೀರು ಚಿಮ್ಮುತ್ತದೆ. ಅದರಲ್ಲಿ ಹುಳುವಿನ ತಲೆಗಳಿರುತ್ತವೆ. ಚೆಲ್ಲಿದಲ್ಲಿ ವರ್ಷಗಳ ಮೇಲೆ ಹೊಸ ಗುಳ್ಳೆಗಳು ಏಳುತ್ತವೆ. ತೀವ್ರ ಅಲರ್ಜಿಯಾಗಿ ಬಿಪಿ ಕುಸಿಯಲೂಬಹುದು. ಹಾಗಾಗಿ ನೀರು ಹೀರುವ ಸಕ್ಷನ್ ಕೊಳವೆ ತೂತಿನ ಬಾಯಲ್ಲೇ ಇರಬೇಕು, ಅಲರ್ಜಿಗೆ ಕೊಡುವ ಅಡ್ರಿನಲಿನ್ ಅರಿವಳಿಕೆಯವರ ಕೈಗೆಟುಕುವಲ್ಲಿರಬೇಕು. ಕೊಯಮತ್ತೂರಿನ ಸರ್ಜನ್ ಡಾ. ಸಿ. ಪಳನಿವೇಲು ಇದಕ್ಕೆಂದೇ ಸಕ್ಷನ್ ಸೇರಿಸಿದ ಟ್ರೋಕಾರ್ (ಹೊಟ್ಟೆಯೊಳಕ್ಕೆ ತೂರಿಸುವ ಕೊಳವೆ) ರೂಪಿಸಿದ್ದು ದೊಡ್ಡ ಉಪಕಾರ.

ಬಂದ ನೀರಿನ ಬಣ್ಣ ನೋಡದೆ ಮುಂದುವರಿಯಬಾರದು. ಹಳದಿಯೋ ಹಸಿರೋ ಇದ್ದರೆ ಗುಳ್ಳೆಯಿಂದ ಪಿತ್ತನಾಳಕ್ಕೆ ದಾರಿಯಿದೆ ಎಂದರ್ಥ. ಆಗ ಹುಳು ಕೊಲ್ಲಲೆಂದು ಉಪ್ಪುನೀರು ಗುಳ್ಳೆಯೊಳಗೆ ಬಿಟ್ಟರೆ ನಾಳಗಳು ಬೆಂದು, ಗಾಯಗಟ್ಟಿ, ಕಿರಿದಾಗಿಬಿಡುತ್ತವೆ. ತಿಳಿಯಾಗಿದ್ದರೆ ಮಾತ್ರ ಬಿಟ್ಟು, 10 ನಿಮಿಷವಾದರೂ ಕಾದು, ಹೀರಿ ತೆಗೆಯಬೇಕು. ಆಮೇಲೆ ಮರಿಗುಳ್ಳೆಗಳು, ಬಿಳಿಯ ಒಳಪದರ ಎಲ್ಲ ಚೀಲಕ್ಕೆ ತುಂಬಿ ಹೊರಗೆ. ಕ್ಯಾಮೆರಾವನ್ನು ಗುಳ್ಳೆಯೊಳಕ್ಕೇ ಇಳಿಸಿ ಪಿತ್ತ ಸೋರುವ ಬಾಯಿ ಹುಡುಕಿ ಹೊಲಿಯಬೇಕು. ಗುಳ್ಳೆಯ ಚಾವಣಿ ಕತ್ತರಿಸಿ, ಖಾಲಿ ಜಾಗಕ್ಕೆ ಒಮೆಂಟಮ್ (ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ) ತುಂಬಿ, ಸೋರಿದ್ದು ಹೊರಬರಲು ಡ್ರೈನ್ ಕೊಳವೆ ಇಟ್ಟು ಮುಗಿಸಬಹುದು.

ಆಗಲ್ವಾ ಸಾರ್ ಎಂದ ಹುಡುಗ ಆಮೇಲೆ ಇದೆಲ್ಲಿಂದ ಬಂತು ಅಂತಲೂ ಕೇಳಿದ. ಗುಳ್ಳೆಯಿರುವ ಕುರಿಯ ಲಿವರ್, ಶ್ವಾಸಕೋಶ ನಾಯಿಗೆ ಬೀಳುತ್ತವೆ. ನಾಯಿಯ ಕರುಳಲ್ಲಿ ಹುಳು ಬೆಳೆದು, ಅದರ ಮಲದಿಂದ ಮೊಟ್ಟೆಗಳು ಕೈಗೆ, ಸೊಪ್ಪಿಗೆ, ನೀರಿಗೆ, ಅಲ್ಲಿಂದ ನಮ್ಮ ಹೊಟ್ಟೆಗೆ. ಕುರಿ ಕಡಿದಾಗ ಇಂಥ ಅಂಗಗಳನ್ನು ಸುಡಬೇಕು, ಇಲ್ಲವೇ ನಾಯಿ ಬಗೆಯದಷ್ಟು ಆಳಕ್ಕೆ ಹೂಳಬೇಕು. ಹುಳು ಮೊಟ್ಟೆಯಿಡಲು ಆರೇಳು ವಾರ ಬೇಕು. ಅದಕ್ಕೇ ಹಟ್ಟಿ ನಾಯಿಗಳಿಗೆ 6 ವಾರಕ್ಕೊಮ್ಮೆ ಲಾಡಿಹುಳುವಿನ ಔಷಧಿ ಪ್ರಾಜಿಕ್ವಾಂಟೆಲ್ ಹಾಕಿಸಿ. ಮನೆಯವರೆಲ್ಲರಿಗೂ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಆಗಲಿ, ಗದರಿದ ಮಾವನಿಗೂ.