ಶಾಸಕರಿಗೆ ಹತ್ತು ಡಾಲರ್ ಮಿತಿ: ಸ್ಯಾಕ್ರಮೆಂಟೊದಲ್ಲಿ ಊಟದ ಬಿಲ್ ನೋಡುತ್ತಾ ಕಲಿತದ್ದು

ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಲಾಬಿಯಿಸ್ಟ್ ಒಬ್ಬ ಶಾಸಕರಿಗೆ ಒಂದು ತಿಂಗಳಲ್ಲಿ ಕೊಡಬಹುದಾದ ಉಡುಗೊರೆಯ ಒಟ್ಟು ಬೆಲೆ 10 ಡಾಲರ್. ಊಟ, ಕಾಫಿ, ಹೂಗುಚ್ಛ, ಮ್ಯಾಚ್ ಟಿಕೆಟ್ ಎಲ್ಲಾ ಸೇರಿ ಅಷ್ಟೇ. ಶಾಸಕರ ಕಚೇರಿಯ ಸಿಬ್ಬಂದಿಗೂ ಇದೇ ಮಿತಿ. ನಮ್ಮ ಕಂಪನಿಯ ಲಾಬಿಯಿಸ್ಟ್‌ಗಳು ಈ ಗೆರೆ ದಾಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅವರು ಸಲ್ಲಿಸುವ ಖರ್ಚಿನ ರಸೀದಿಗಳೆಲ್ಲ ಮೊದಲು ನನ್ನ ಟೇಬಲ್‌ಗೇ ಬರುತ್ತವೆ.

ಲಾಬಿಯಿಸ್ಟ್ ಅಂದರೆ ಕಂಪನಿ, ಆಸ್ಪತ್ರೆ, ರೈತರ ಒಕ್ಕೂಟ, ಕಾರ್ಮಿಕ ಸಂಘ ಹೀಗೆ ಯಾರದಾದರೂ ಪರವಾಗಿ ಶಾಸಕರನ್ನು ಕಂಡು ಮಸೂದೆಗಳ ಬಗ್ಗೆ ಮಾತಾಡುವುದನ್ನೇ ಕಸುಬು ಮಾಡಿಕೊಂಡವರು. ಇಲ್ಲಿ ಅದು ಬಹಿರಂಗವಾದ ಕೆಲಸ. ರಾಜ್ಯದಲ್ಲಿ ಹೆಸರು ನೋಂದಾಯಿಸಬೇಕು, ನೀತಿ ನಿಯಮಗಳ ತರಗತಿಗೆ ಹೋಗಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಕರ್ನಾಟಕದಲ್ಲಿ ಇಂಥ ನೋಂದಣಿಯೇ ಇಲ್ಲ. ವಿಧಾನಸೌಧದ ಕಾರಿಡಾರಿನಲ್ಲಿ ಯಾರು ಯಾರ ಪರವಾಗಿ ಓಡಾಡುತ್ತಿದ್ದಾರೆ ಎಂದು ಯಾವ ಕಾಗದದಲ್ಲೂ ಸಿಗುವುದಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಆ ಕೊರತೆ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಯಿತು.

ಹತ್ತು ಡಾಲರ್ ನಿಯಮ ಬಂದದ್ದು 1974ರಲ್ಲಿ. ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ಕಾಲ. ಶಾಸಕರು ತಮಗೆ ತಾವೇ ಹಾಕಿಕೊಂಡ ನಿಯಮ ಇದಲ್ಲ. ಆ ವರ್ಷದ ಜೂನ್‌ನಲ್ಲಿ ಮತದಾರರೇ ‘ಪ್ರಾಪೊಸಿಷನ್ 9’ ಎಂಬ ಪ್ರಸ್ತಾವಕ್ಕೆ ನೇರವಾಗಿ ವೋಟು ಹಾಕಿ ‘ಪೊಲಿಟಿಕಲ್ ರಿಫಾರ್ಮ್ ಆ್ಯಕ್ಟ್’ ಎಂಬ ರಾಜಕೀಯ ಸುಧಾರಣಾ ಕಾಯ್ದೆ ತಂದರು. ಅದನ್ನು ಜಾರಿ ಮಾಡುವ ಆಯೋಗವೂ ಅದರಿಂದಲೇ ಹುಟ್ಟಿತು. ಅದರ ಹೆಸರು ‘ಫೇರ್ ಪೊಲಿಟಿಕಲ್ ಪ್ರಾಕ್ಟೀಸಸ್ ಕಮಿಷನ್’, ಎಲ್ಲರೂ ಎಫ್‌ಪಿಪಿಸಿ ಅಂತಲೇ ಕರೆಯುತ್ತಾರೆ. ಈ ಕಾಯ್ದೆಯ ಪರವಾಗಿ ಓಡಾಡಿದವರಲ್ಲಿ ಜೆರ್ರಿ ಬ್ರೌನ್ ಮುಖ್ಯರು. ಅದೇ ವರ್ಷ ನವೆಂಬರ್‌ನಲ್ಲಿ ಅವರು ಗವರ್ನರ್ ಆಗಿ ಗೆದ್ದರು (ಇಲ್ಲಿ ಗವರ್ನರ್ ಅಂದರೆ ಜನರೇ ಆರಿಸುವ, ರಾಜ್ಯದ ಆಡಳಿತ ನಡೆಸುವ ಮುಖ್ಯಸ್ಥ). ಹತ್ತು ಡಾಲರ್‌ಗೆ ಎರಡು ಹ್ಯಾಂಬರ್ಗರ್, ಒಂದು ಕೋಕ್ ಬರುತ್ತದೆ, ಅಷ್ಟು ಸಾಕು ಎಂಬ ಅವರ ಮಾತನ್ನು ಇಲ್ಲಿಯವರು ಈಗಲೂ ನೆನೆಯುತ್ತಾರೆ.

ಆಮೇಲೆ ಆ ಮೊತ್ತವನ್ನು ಯಾರೂ ಏರಿಸಲಿಲ್ಲ. ಬೆಲೆ ಏರುತ್ತಾ ಹೋಯಿತು, ಹತ್ತು ಹತ್ತಾಗಿಯೇ ಉಳಿಯಿತು. ಈಗ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ಶಾಸನಸಭೆ ಇರುವ ಕ್ಯಾಪಿಟಲ್ ಕಟ್ಟಡದ ಸುತ್ತಮುತ್ತ ಆ ದುಡ್ಡಿಗೆ ಒಂದು ಲಾಟೆ, ಜೊತೆಗೆ ಒಂದು ಮಫಿನ್ ಬಂದರೆ ಹೆಚ್ಚು. ಹೊಸದಾಗಿ ಸೇರಿದವರು ಇದು ಹಳೇ ಕಾಲದ ಮಿತಿ, ತಿದ್ದಬೇಕಿತ್ತು ಅಂತ ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಿದ್ದದೇ ಬಿಟ್ಟದ್ದರಿಂದಲೇ ಈ ನಿಯಮ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿದೆ. ನಮ್ಮ ಕಚೇರಿಯಲ್ಲಿ ಈಗ ಯಾರೂ ಹತ್ತು ಡಾಲರ್ ಲೆಕ್ಕ ಹಾಕುವುದೇ ಇಲ್ಲ. ಶಾಸಕರ ಜೊತೆ ಊಟಕ್ಕೆ ಕೂತರೆ ಅವರ ಬಿಲ್ ಅವರು ಕೊಡುತ್ತಾರೆ, ನಮ್ಮ ಬಿಲ್ ನಾವು ಕೊಡುತ್ತೇವೆ. ವೇಟರ್‌ಗೆ ಮೊದಲೇ ಹೇಳಿಬಿಡುತ್ತಾರೆ. ಯಾರಿಗೂ ಮುಜುಗರವಿಲ್ಲ.

ತಲೆನೋವು ಇರುವುದು ಇನ್ನೊಂದು ಮಿತಿಯಲ್ಲಿ. ಲಾಬಿಯಿಸ್ಟ್ ಅಲ್ಲದವರು ಕೊಡುವ ಉಡುಗೊರೆಗೆ ಬೇರೆ ಲೆಕ್ಕವಿದೆ. ಲಾಬಿಯಿಸ್ಟ್‌ನನ್ನು ಕೆಲಸಕ್ಕೆ ಇಟ್ಟುಕೊಂಡ ಕಂಪನಿಯೂ ಈ ಗುಂಪಿಗೇ ಸೇರುತ್ತದೆ. ವರ್ಷಕ್ಕೆ 250 ಡಾಲರ್ ಎಂದು ಶುರುವಾದ ಈ ಮಿತಿ ಎರಡು ವರ್ಷಕ್ಕೊಮ್ಮೆ ಬೆಲೆಯೇರಿಕೆ ನೋಡಿಕೊಂಡು ಮೇಲೆ ಹೋಗುತ್ತದೆ. 2023-24ರಲ್ಲಿ 590 ಇತ್ತು, 2025-26ಕ್ಕೆ 630 ಆಗಿದೆ. ಅಂದರೆ ನಮ್ಮ ಲಾಬಿಯಿಸ್ಟ್ ತನ್ನ ಲೆಕ್ಕದಲ್ಲಿ ಹತ್ತು ಡಾಲರ್ ಮೀರುವಂತಿಲ್ಲ, ಅದೇ ಕಂಪನಿ 630 ಡಾಲರ್‌ವರೆಗೆ ಕೊಡಬಹುದು. ಇದು ದೊಡ್ಡ ಬಾಗಿಲೇ ಅಲ್ವಾ?

ಆ ಬಾಗಿಲಿಗೆ ಕಾನೂನು ಒಂದು ಚಿಲಕ ಹಾಕಿದೆ. ನನ್ನ ಕೆಲಸದಲ್ಲಿ ಅತಿ ಮುಖ್ಯವಾದ ನಿಯಮ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಲಾಬಿಯಿಸ್ಟ್ ತಾನು ಕೊಡದಿದ್ದರೆ ಸಾಲದು, ಬೇರೆಯವರು ಕೊಡುವ ಉಡುಗೊರೆಗೆ ಮಧ್ಯವರ್ತಿಯೂ ಆಗುವಂತಿಲ್ಲ, ಅದನ್ನು ಏರ್ಪಾಡು ಮಾಡುವಂತೆಯೂ ಇಲ್ಲ. ಏರ್ಪಾಡು ಅಂದರೆ ಏನೇನು ಎಂದು ಎಫ್‌ಪಿಪಿಸಿಯ ನಿಯಮಾವಳಿ ಬಿಡಿಸಿ ಹೇಳುತ್ತದೆ. ಉಡುಗೊರೆಯನ್ನು ಕೈಯಾರೆ ತಲುಪಿಸುವುದು. ಔತಣದ ಆಮಂತ್ರಣ ಕಳಿಸುವುದು. ಬರುತ್ತೀರಾ ಎಂದು ಫೋನ್ ಮಾಡಿ ಕೇಳುವುದು. ಬರುತ್ತೇವೆ ಎಂಬ ಉತ್ತರ ತನ್ನ ಹೆಸರಿಗೆ ಬರುವಂತೆ ಮಾಡುವುದು. ಇವೆಲ್ಲ ಲಾಬಿಯಿಸ್ಟ್‌ಗೆ ನಿಷೇಧ.

ಕೇಳಿದರೆ ಸಣ್ಣ ಸಣ್ಣ ವಿಷಯ ಅನ್ನಿಸುತ್ತದೆ. ಕೆಲಸದಲ್ಲಿ ಹಾಗಲ್ಲ. ಜನವರಿಯಲ್ಲಿ ಅಧಿವೇಶನ ಶುರುವಾದಾಗ ಸಂಜೆ ಹೊತ್ತು ಸ್ವಾಗತ ಕೂಟಗಳು ಸಾಲುಸಾಲು. ಶಾಸಕರನ್ನು ಹೆಸರು ಹಿಡಿದು ಬಲ್ಲವರು ಯಾರು? ಲಾಬಿಯಿಸ್ಟ್. ಶಾಸಕರ ಭೇಟಿಯ ಸಮಯ ಗೊತ್ತುಮಾಡುವ ಶೆಡ್ಯೂಲರ್ ನಂಬರ್ ಯಾರ ಮೊಬೈಲ್‌ನಲ್ಲಿದೆ? ಲಾಬಿಯಿಸ್ಟ್‌ದೇ. ಅವರಿಂದಲೇ ಒಂದು ಮೆಸೇಜ್ ಹೋದರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಆ ಐದು ನಿಮಿಷವನ್ನೇ ಕಾನೂನು ತಡೆಯುತ್ತದೆ. ಹಾಗಾಗಿ ನಮ್ಮಲ್ಲಿ ಆಮಂತ್ರಣ ಕಳಿಸುವುದು ಸಾರ್ವಜನಿಕ ಸಂಪರ್ಕ ವಿಭಾಗದವರು. ಉತ್ತರ ಬರುವುದೂ ಅವರ ಇಮೇಲ್‌ಗೇ. ಲಾಬಿಯಿಸ್ಟ್‌ಗಳ ಹೆಸರು ಆ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ಇದನ್ನು ಹೊಸಬರಿಗೆ ಹೇಳಿಕೊಡುವಾಗ ನಾನು ಮೊತ್ತದ ಮಾತನ್ನೇ ಎತ್ತುವುದಿಲ್ಲ. ಕೊಡುವ ಕೈ ಮತ್ತು ಕೇಳುವ ಬಾಯಿ ಒಬ್ಬರದೇ ಆಗಬಾರದು ಅಂತ ಶುರು ಮಾಡುತ್ತೇನೆ. ಉಳಿದದ್ದು ಅವರಿಗೇ ಹೊಳೆಯುತ್ತದೆ.

ಕೂಟ ಮುಗಿದ ಮೇಲೆ ಲೆಕ್ಕ ಶುರು. ಉದಾಹರಣೆಗೆ ಊಟ, ಪಾನೀಯ, ಸಂಗೀತ ಸೇರಿ 4,200 ಡಾಲರ್ ಖರ್ಚಾಯಿತು ಅಂದುಕೊಳ್ಳಿ. ಬಂದವರು 60 ಜನ. ತಲೆಗೆ 70 ಡಾಲರ್. ಒಂದೇ ಮೂಲದಿಂದ ವರ್ಷಕ್ಕೆ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶಾಸಕರು ತಮ್ಮ ಆಸ್ತಿ, ಆದಾಯ, ಉಡುಗೊರೆಗಳನ್ನು ಘೋಷಿಸುವ ‘ಫಾರ್ಮ್ 700’ರಲ್ಲಿ ಬರೆಯಬೇಕು. ಹಾಗಾಗಿ ಈ 70 ಬರೆಯಲೇಬೇಕಾದ ಮೊತ್ತ. ಆ ಸಂಜೆ ಜೋರು ಮಳೆ ಬಂದು 40 ಜನ ಮಾತ್ರ ಬಂದಿದ್ದರೆ? ತಲೆಗೆ 105 ಆಗುತ್ತದೆ. ಶಾಸಕರು ತಿಂದದ್ದು ಅದೇ ಎರಡು ಸಮೋಸ, ಕುಡಿದದ್ದು ಅದೇ ಒಂದು ಲೋಟ ನೀರು. ಮಿತಿ ಇರುವ ಕಡೆಯೆಲ್ಲ ಇಂಥ ಲೆಕ್ಕವಿರುತ್ತದೆ. ಲೆಕ್ಕ ಇರುವ ಕಡೆ ‘ಇನ್ನೂ ಎಷ್ಟು ಉಳಿದಿದೆ’ ಎಂಬ ಪ್ರಶ್ನೆಯೂ ಬರುತ್ತದೆ. ಡಿಸೆಂಬರ್‌ನಲ್ಲಿ ಆ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ. ಕೇಳುವವರು ಕೆಟ್ಟವರಲ್ಲ. ನಿಯಮವೇ ಅವರನ್ನು ಆ ದಿಕ್ಕಿಗೆ ತಿರುಗಿಸುತ್ತದೆ.

ಬೇರೆ ರಾಜ್ಯಗಳಲ್ಲೂ ನಮ್ಮವರು ಇರುವುದರಿಂದ ಹೋಲಿಸಿ ನೋಡುವ ಅವಕಾಶ ನನಗಿದೆ. ವಿಸ್ಕಾನ್ಸಿನ್‌ನಲ್ಲಿ 1957ರಿಂದಲೂ ಲಾಬಿಯಿಸ್ಟ್, ಅವರನ್ನು ನೇಮಿಸಿದ ಸಂಸ್ಥೆ ಇಬ್ಬರೂ ಶಾಸಕರಿಗೆ ಒಂದು ಕಪ್ ಕಾಫಿಯನ್ನೂ ಕೊಡಿಸುವಂತಿಲ್ಲ. ಸಾರ್ವಜನಿಕರೆಲ್ಲರಿಗೂ ಸಿಗುವಂಥದ್ದಾದರೆ ಮಾತ್ರ ಸರಿ. ಫ್ಲಾರಿಡಾ 2005ರ ಡಿಸೆಂಬರ್‌ನಲ್ಲಿ ವಿಶೇಷ ಅಧಿವೇಶನ ಕರೆದು ಅದೇ ದಾರಿ ಹಿಡಿಯಿತು. ಈ ಎರಡು ರಾಜ್ಯಗಳ ಕಡತ ನನ್ನ ಬಳಿ ತೀರಾ ತೆಳ್ಳಗಿದೆ. ಅಲ್ಲಿಂದ ಪ್ರಶ್ನೆಗಳೇ ಬರುವುದಿಲ್ಲ. ಕೆಲಸ ಮಾಡುವವರಿಗೆ ಸೊನ್ನೆಯಷ್ಟು ಸುಲಭದ ಅಂಕಿ ಬೇರೆ ಇಲ್ಲ.

ಮಿಸ್ಸೂರಿಯದು ನೋವಿನ ಕಥೆ. ಅಲ್ಲಿ ಮೊದಲು ಮಿತಿಯೇ ಇರಲಿಲ್ಲ, ಕೊಟ್ಟದ್ದನ್ನು ಬರೆದರೆ ಮುಗಿಯಿತು. 2018ರಲ್ಲಿ ಮತದಾರರು ಸಂವಿಧಾನ ತಿದ್ದಿ 5 ಡಾಲರ್ ಮಿತಿ ಹಾಕಿದರು. ಅದೇ ತಿದ್ದುಪಡಿಯಲ್ಲಿ ಕ್ಷೇತ್ರಗಳ ಗಡಿ ಬರೆಯುವ ಹೊಸ ಪದ್ಧತಿಯೂ ಇತ್ತು. 2020ರಲ್ಲಿ ಶಾಸಕರು ಇನ್ನೊಂದು ತಿದ್ದುಪಡಿ ಮುಂದಿಟ್ಟರು. ಐದನ್ನು ಸೊನ್ನೆ ಮಾಡುತ್ತೇವೆ ಎಂಬುದು ಅದರ ಮೊದಲ ಸಾಲು. ಆ ಸಾಲಿನ ಕೆಳಗೆ ಗಡಿ ಬರೆಯುವ ಹೊಸ ಪದ್ಧತಿಯನ್ನು ತೆಗೆದುಹಾಕಿದ್ದರು. ಅದು ಸಣ್ಣ ಅಂತರದಲ್ಲಿ ಗೆದ್ದಿತು. ಉಡುಗೊರೆ ನಿಷೇಧ ಜನರಿಗೆ ಎಷ್ಟು ಇಷ್ಟ ಎಂದು ಶಾಸಕರಿಗೆ ಗೊತ್ತು. ಆ ಇಷ್ಟವನ್ನೇ ಬೇರೆ ಕೆಲಸಕ್ಕೆ ಬಳಸಿಕೊಂಡದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ವರ್ಜೀನಿಯಾದಲ್ಲೂ ಬಹಳ ಕಾಲ ಬರೆದರೆ ಸಾಕು ಎಂಬ ನಿಯಮವೇ ಇತ್ತು. ಮನೆಯವರಿಗೆ ಬಂದ ಉಡುಗೊರೆಯನ್ನು ಬರೆಯುವ ಅಗತ್ಯವೂ ಇರಲಿಲ್ಲ. ಆಗ ಗವರ್ನರ್ ಆಗಿದ್ದವರು ಬಾಬ್ ಮ್ಯಾಕ್‌ಡೊನೆಲ್. ಒಬ್ಬ ಉದ್ಯಮಿಯಿಂದ ಅವರ ಕುಟುಂಬಕ್ಕೆ ರೋಲೆಕ್ಸ್ ವಾಚು, ಮಗಳ ಮದುವೆ ಊಟದ ಖರ್ಚು, ಸಾಲ ಎಲ್ಲ ಸೇರಿ 1,75,000 ಡಾಲರ್‌ಗೂ ಮೇಲೆ ಹೋಗಿತ್ತು. 2014ರಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥ ಎಂದಿತು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ತೀರ್ಪು ರದ್ದು ಮಾಡಿತು. ಸಭೆ ಏರ್ಪಡಿಸಿಕೊಟ್ಟ, ಪರಿಚಯ ಮಾಡಿಸಿದ ಮಾತ್ರಕ್ಕೆ ಅದು ಲಂಚದ ಕಾನೂನಿನ ಕೆಳಗೆ ಬರುವ ಅಧಿಕೃತ ಕೆಲಸವಾಗುವುದಿಲ್ಲ ಎಂಬುದು ಕೋರ್ಟಿನ ವಾದ. ಈ ಗಲಾಟೆಯ ನಡುವೆ ರಾಜ್ಯ ಮೊದಲು 250, ಆಮೇಲೆ 100 ಡಾಲರ್ ಮಿತಿ ತಂದಿತು.

2024ರ ಜೂನ್ 26ರಂದು ಇನ್ನೊಂದು ತೀರ್ಪು ಬಂತು. ಇಂಡಿಯಾನಾದ ಪೋರ್ಟೇಜ್ ಊರಿನ ಮೇಯರ್ ಆಗಿದ್ದ ಜೇಮ್ಸ್ ಸ್ನೈಡರ್ ಅವರದು. ಪುರಸಭೆ ಒಂದು ಕಂಪನಿಯಿಂದ ಕಸದ ಲಾರಿಗಳನ್ನು ಕೊಂಡಿತು, ಆಮೇಲೆ ಆ ಕಂಪನಿ ಮೇಯರ್‌ಗೆ 13,000 ಡಾಲರ್ ಕೊಟ್ಟಿತು. ಕೆಲಸಕ್ಕೆ ಮುಂಚೆ ಮಾತಾಡಿಕೊಂಡು ಕೊಟ್ಟರೆ ಲಂಚ, ಕೆಲಸವಾದ ಮೇಲೆ ಸಂತೋಷಕ್ಕೆ ಕೊಟ್ಟರೆ ಆ ಕೇಂದ್ರ ಕಾನೂನಿನ ಕೆಳಗೆ ಅಪರಾಧವಲ್ಲ ಎಂದು ಆರು ನ್ಯಾಯಮೂರ್ತಿಗಳು ಹೇಳಿದರು. ಮೂವರು ಒಪ್ಪಲಿಲ್ಲ. ಅಂಥ ಕೊಡುಗೆಗೆ ಕಡಿವಾಣ ಹಾಕುವುದು ಆಯಾ ರಾಜ್ಯಗಳಿಗೆ, ಊರುಗಳಿಗೆ ಬಿಟ್ಟದ್ದು ಎಂದಾಯಿತು. ಅವತ್ತಿನಿಂದ ನನ್ನ ಕೆಲಸದ ತೂಕ ಹೆಚ್ಚಿದೆ ಎಂದೇ ನಾನು ನಂಬಿದ್ದೇನೆ. ರಾಜ್ಯದ ನಿಯಮ ಸಡಿಲವಾಗಿದ್ದರೆ, ಹಿಂದೆ ನಿಂತು ಹಿಡಿಯಲು ಆ ಕೇಂದ್ರ ಕಾನೂನು ಇನ್ನು ಬರುವುದಿಲ್ಲ.

ಸ್ನೇಹಿತರು ಕೇಳುವ ಒಂದು ಪ್ರಶ್ನೆಗೆ ಇಲ್ಲಿ ಉತ್ತರ ಕೊಡಲೇಬೇಕು. ಹತ್ತು ಡಾಲರ್ ಊಟಕ್ಕೆ ತಡೆ ಹಾಕುತ್ತೀರಿ, ಚುನಾವಣಾ ದೇಣಿಗೆ ಬೇಕಾದಷ್ಟು ಹೋಗುತ್ತದಲ್ಲ? ಪ್ರಶ್ನೆ ಸರಿಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಲಾಬಿಯಿಸ್ಟ್ ತಾನು ಯಾರನ್ನು ಭೇಟಿಯಾಗಿ ಮಾತಾಡುತ್ತಾನೋ ಅಂಥ ಶಾಸಕರಿಗೆ ಸ್ವಂತ ಜೇಬಿನಿಂದ ದೇಣಿಗೆ ಕೊಡುವಂತಿಲ್ಲ. ಆದರೆ ಅವನ ಕಂಪನಿ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿಗೆ 5,900 ಡಾಲರ್‌ವರೆಗೆ ಕೊಡಬಹುದು. ಶಾಸಕರು ಹೇಳಿದ ದತ್ತಿ ಸಂಸ್ಥೆಗೆ ಇನ್ನೂ ಜಾಸ್ತಿ ಕೊಡಬಹುದು, 5,000 ತಲುಪಿದರೆ ಶಾಸಕರು ವರದಿ ಮಾಡಬೇಕು ಅಷ್ಟೇ. 2014ರಲ್ಲಿ ಒಬ್ಬ ಹೆಸರಾಂತ ಲಾಬಿಯಿಸ್ಟ್‌ನ ಸಂಸ್ಥೆಗೆ 1,33,500 ಡಾಲರ್ ದಂಡ ಬಿತ್ತು. ಅವರು ತಮ್ಮ ಮನೆಯಲ್ಲೇ ನಿಧಿಸಂಗ್ರಹ ಕೂಟ ನಡೆಸಿ ದುಬಾರಿ ವೈನ್, ಸಿಗಾರ್ ಹಂಚಿದ್ದರು. ಅದೇ ವರ್ಷ ಲಾಬಿಯಿಸ್ಟ್‌ಗಳ ಮನೆಯಲ್ಲಿ ನಿಧಿಸಂಗ್ರಹವನ್ನೇ ನಿಷೇಧಿಸಿದರು. ಉಡುಗೊರೆ ಮಿತಿಯನ್ನು ಇಳಿಸಿ ಗಾಲ್ಫ್, ಸ್ಪಾ, ಟಿಕೆಟ್‌ಗಳಿಗೆ ತಡೆ ಹಾಕುವ ಇನ್ನೊಂದು ಮಸೂದೆಯೂ ಬಂದಿತ್ತು. ಅದಕ್ಕೆ ಸಹಿ ಹಾಕದೆ ವಾಪಸ್ ಕಳಿಸಿದವರು ಮತ್ತೆ ಗವರ್ನರ್ ಆಗಿದ್ದ ಅದೇ ಜೆರ್ರಿ ಬ್ರೌನ್. ಆ ನಿರ್ಧಾರ ತಪ್ಪು ಅಂತಲೇ ನನ್ನ ಅಭಿಪ್ರಾಯ.

ದೇಣಿಗೆಯ ಸಮಸ್ಯೆ ದೊಡ್ಡದಿದೆ ಅಂತ ಊಟದ ನಿಯಮ ಸುಮ್ನೆ ಇದೆ ಅನ್ನಲಾಗದು. ದೇಣಿಗೆ ಪ್ರಚಾರದ ಖಾತೆಗೆ ಹೋಗುತ್ತದೆ. ಊಟ, ಟಿಕೆಟ್, ವಾಚು ಶಾಸಕರ ಸ್ವಂತಕ್ಕೆ ಹೋಗುತ್ತವೆ. ಇನ್ನೊಂದು ಸಂಗತಿ, ಸಮಯ. ಶಾಸಕರ ಕಚೇರಿ ಈಗಿರುವುದು ಓ ಸ್ಟ್ರೀಟಿನ ಹೊಸ ಕಟ್ಟಡದಲ್ಲಿ. ಅಧಿವೇಶನದ ಕೊನೆಯ ವಾರಗಳಲ್ಲಿ ಅಲ್ಲಿಯ ಕಾರಿಡಾರಿನಲ್ಲಿ ನಿಂತು ನೋಡಬೇಕು. ನರ್ಸ್‌ಗಳು, ಶಾಲಾ ಶಿಕ್ಷಕರು, ಸೆಂಟ್ರಲ್ ವ್ಯಾಲಿಯಿಂದ ಬೆಳಗಿನ ಜಾವ ಹೊರಟು ಬಂದ ರೈತರು, ಎಲ್ಲರೂ ಕಾಯುತ್ತಿರುತ್ತಾರೆ. ಸಿಗುವುದು ಹತ್ತೋ ಹದಿನೈದೋ ನಿಮಿಷ. ಒಂದು ರಾತ್ರಿ ಊಟ ಅಂದರೆ ಎರಡು ಗಂಟೆ. ಆ ಊಟದಿಂದ ವೋಟು ಬದಲಾಗದೇ ಇರಬಹುದು. ಆದರೆ ಮಸೂದೆಯ ಯಾವ ಸಾಲಿನಿಂದ ಯಾರಿಗೆ ಏಟು ಬೀಳುತ್ತದೆ ಎಂದು ಸಮಾಧಾನವಾಗಿ ವಿವರಿಸುವ ಅವಕಾಶ ಒಬ್ಬರಿಗೆ ಸಿಕ್ಕಿತು, ರೈತನಿಗೆ ಸಿಗಲಿಲ್ಲ. ಊಟ ಕೊಡಿಸುವಂತಿಲ್ಲ ಎಂದಾಗ ನಮ್ಮ ಲಾಬಿಯಿಸ್ಟ್ ಕೂಡ ಅದೇ ಸಾಲಿನಲ್ಲಿ ಕೂತು ಕಾಯುತ್ತಾರೆ. ನಾನು ರಸೀದಿ ನೋಡುವುದು ಅದಕ್ಕಾಗಿ.

ಈಚೆಗೆ ಇಲ್ಲಿಯ ಕನ್ನಡ ಸಂಘದ ಹುಡುಗನೊಬ್ಬ ಫೋನ್ ಮಾಡಿದ್ದ. “ಅಕ್ಕಾ, ರಾಜ್ಯೋತ್ಸವಕ್ಕೆ ನಮ್ಮ ಅಸೆಂಬ್ಲಿ ಮೆಂಬರ್ ಬರ್ತಿದ್ದಾರೆ. ಮೈಸೂರು ಪೇಟ, ಶಾಲು, ಒಂದು ಗಂಧದ ಹಾರ. ಏನೂ ತೊಂದ್ರೆ ಇಲ್ವಲ್ಲ?” ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸುವವರಲ್ಲ ನಾವು. ಈ ಪ್ರಶ್ನೆ ಬೇರೆ ಸಂಘಗಳಿಗೂ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮಾಡಬಹುದು. ಸಂಘ ಲಾಬಿಯಿಸ್ಟ್ ಅಲ್ಲ, ಹಾಗಾಗಿ 630ರ ಮಿತಿಯೇ ಅನ್ವಯ. ಶಾಸಕರ ಹೆಸರು ಕೆತ್ತಿಸಿದ ಫಲಕ 250 ಡಾಲರ್‌ಗಿಂತ ಕಡಿಮೆಯದಾದರೆ ಉಡುಗೊರೆ ಎಂದೇ ಎಣಿಸುವುದಿಲ್ಲ. ಅವರು ವೇದಿಕೆಯಲ್ಲಿ ಭಾಷಣ ಮಾಡಿದರೆ, ಎಲ್ಲರಿಗೂ ಬಡಿಸಿದ ಊಟವೂ ಲೆಕ್ಕಕ್ಕಿಲ್ಲ. ಪೇಟ, ಶಾಲು, ಹಾರ ಸೇರಿ 50 ಡಾಲರ್ ಮುಟ್ಟಿದರೆ ಶಾಸಕರು ಬರೆಯಬೇಕಾಗುತ್ತದೆ. ಅವರಿಗೆ ಬೇಡವಾದರೆ, ಬಳಸದೆ 30 ದಿನದೊಳಗೆ ವಾಪಸ್ ಕೊಡಬಹುದು, ಬೇಜಾರು ಮಾಡಿಕೊಳ್ಳಬೇಡಿ. ಸಮಿತಿಯಲ್ಲಿ ಯಾರಾದರೂ ನೋಂದಾಯಿತ ಲಾಬಿಯಿಸ್ಟ್ ಇದ್ದರೆ ಆಮಂತ್ರಣ ಕಳಿಸುವುದು, ಪೇಟ ತೊಡಿಸುವುದು ಎರಡನ್ನೂ ಬೇರೆಯವರಿಗೆ ವಹಿಸಿ. ರಸೀದಿಗಳನ್ನು ಎತ್ತಿಟ್ಟುಕೊಳ್ಳಿ. ಬೆಲೆ ಎಷ್ಟು ಎಂದು ಶಾಸಕರ ಕಚೇರಿಯಿಂದ ಇಮೇಲ್ ಬಂದರೆ ಬೇಗ ಉತ್ತರ ಕೊಡಿ. ಮಾರ್ಚ್ 1ರೊಳಗೆ ಅವರು ಫಾರ್ಮ್ 700 ಸಲ್ಲಿಸಬೇಕು.